ಗಾಜಿಗೆ ಹೋಗುತ್ತಿದ್ದ ತಂಪು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಗಾಡಿಯಿಂದಲೋ, ಗಂಡನಿಂದಲೋ, ಇಲ್ಲ ಆ ಗಾಡಿಯ ಡ್ಯಾಶ್‌ಬೋರ್ಡಿನೊಳಗೆ ಸಿಕ್ಕಿಕೊಂಡಿದ್ದ ಇನ್ನೊಂದರಿಂದಲೋ? ಆ ಇನ್ನೊಂದನ್ನು ಈಗಲೇ ಹೇಳಿಬಿಟ್ಟರೆ ನೀವು ಪುಸ್ತಕ ಮಗುಚಿಟ್ಟು ಕಾಫಿಗೆ ಎದ್ದು ಹೋಗುತ್ತೀರಿ. ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ? ನಾನೂ ಓದುವವನೇ.

ಮೊದಲನೇ ಡ್ರಾಫ್ಟು ಹೀಗಿತ್ತು: 'ಕಪಿಲೆಯ ದಡದಲ್ಲಿ ಮಂಜು ಕವಿದ ಮುಂಜಾವು. ಒಂದು ಹಳೆಯ ವಾಹನ ಮೌನವಾಗಿ ನಿಂತಿತ್ತು.' ಓದಿಕೊಂಡರೆ ನನಗೇ ನಗು ಬಂತು. ನಂಜನಗೂಡಿನಲ್ಲಿ ಮೌನವಾಗಿ ನಿಂತ ವಾಹನವನ್ನು ನಾನಂತೂ ಕಂಡಿಲ್ಲ. ಹರಿದು ಹಾಕಿದೆ. (ಹರಿಯುವುದೇನು ಬಂತು, ಡಿಲೀಟ್ ಒತ್ತಿದೆ. ಹರಿದು ಹಾಕಿದೆ ಅಂದರೆ ಕತೆಗಾರನಿಗೆ ಸ್ವಲ್ಪ ಗತ್ತು.) ಆ ಮಂಜನ್ನು ಮಾತ್ರ ಮರೆಯಬೇಡಿ, ಮುಂದೆ ಬೇಕಾಗುತ್ತದೆ.

೨

ಗಾಡಿಯಿಂದಲೇ ಶುರು ಮಾಡೋಣ, ಅದು ಎದುರು ಮಾತಾಡುವುದಿಲ್ಲ.

ಹಳೇ ಮಿನಿ ಬಸ್ಸಿನ ಚಾಸಿ ಮೇಲೆ ಯಾರೋ ಕಟ್ಟಿಸಿದ ಮೋಟರ್‌ಹೋಮು. ಮನೆಯವರು ಕರೆಯುವುದು ಮನೆಗಾಡಿ ಅಂತ. ಹಿಂದೆ ಒಂದು ಮಂಚ, ಅಂಗೈಯಗಲದ ಸಿಂಕು, ಒಂದು ಒಲೆ. ಅದಕ್ಕೂ ಮುಂಚೆ ಸಿನಿಮಾದವರ ಮೇಕಪ್ ಗಾಡಿಯಾಗಿತ್ತಂತೆ. ಕನ್ನಡಿಯ ಸುತ್ತ ಬಲ್ಬುಗಳ ಸಾಲು ಇನ್ನೂ ಇದೆ, ಒಂದೆರಡು ಉರಿಯುತ್ತವೆ ಕೂಡ. ಸುಚೇತಾ ಅವುಗಳ ಬೆಳಕಿನಲ್ಲಿ ಹಸಿಮೆಣಸಿನಕಾಯಿ ಹೆಚ್ಚುತ್ತಾಳೆ.

ಸುಚೇತಾ ಅಂದರೆ ಈ ಕತೆಯವಳು. ಟಿ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಮನೆ ನಂಜನಗೂಡು. ಆಕೆಯ ಗಂಡ ರಾಘವೇಂದ್ರ, ಬ್ಯಾಂಕಿನಲ್ಲಿದ್ದವನು. ಗಾಡಿ ಓಡಿಸುವ ಹುಚ್ಚು ಅವನದು, ಈ ಮನೆಗಾಡಿಯನ್ನು ಹುಡುಕಿ ತಂದವನೂ ಅವನೇ. ಈಗ ಓಡಿಸುವುದು ಇವಳು. ಅವನಿಗೆ ನರಗಳ ಕಾಯಿಲೆ. ಮೈಗೆ ಬಿಸಿ ಏರಿದರೆ ಬಲಗೈ ಮುಷ್ಟಿ ಕಟ್ಟುವುದಿಲ್ಲ, ಕಾಲು ಹೇಳಿದ ಮಾತು ಕೇಳುವುದಿಲ್ಲ. ತಂಪಾದರೆ ನಿಧಾನಕ್ಕೆ ಮತ್ತೆ ಬರುತ್ತದೆ. ಪಾಪ, ಎಂಥ ಚುರುಕಿನ ಮನುಷ್ಯ...

"ಆ 'ಪಾಪ' ತೆಗೀರಿ," ಎಂದ ರಾಘವೇಂದ್ರ.

ತೆಗೆಯುತ್ತೇನೆ ಅಂದೆ. ತೆಗೆದಿಲ್ಲ. ಬರೆಯುವವನು ನಾನಲ್ಲವೇ.

೩

ಇಲ್ಲಿ ಅವರಿಬ್ಬರ ಮದುವೆಯ ಬಗ್ಗೆ ಒಂದು ಪುಟ ಇತ್ತು. ಚೆನ್ನಾಗಿಯೇ ಇತ್ತು. ಸುಚೇತಾ ಓದಿ, "ಇದೆಲ್ಲ ಯಾರಿಗ್ ಬೇಕು, ಏಸಿ ವಿಷಯಕ್ಕೆ ಬನ್ನಿ," ಅಂದಳು. ಟೀಚರಮ್ಮ ಹೇಳಿದ ಮೇಲೆ ಮುಗಿಯಿತು.

೪

ಏಸಿ ವಿಷಯ.

ಮನೆಗಾಡಿಗೆ ಎರಡು ಏಸಿ. ಹಿಂದೆ ಮಂಚದ ಮೇಲಿನದು ಜನರೇಟರಿನ ಮೇಲೆ ಓಡುತ್ತದೆ, ಅದಕ್ಕೇನೂ ರೋಗವಿಲ್ಲ. ಮುಂದೆ ಡ್ಯಾಶ್‌ಬೋರ್ಡಿನದು ಎಂಜಿನ್ನಿನ ಮೇಲೆ ಓಡುತ್ತದೆ. ಅದು ಕೈಕೊಟ್ಟಿತ್ತು. ಫ್ಯಾನು ಗುಂಯ್ ಅನ್ನುವುದು, ಮುಖದೆದುರಿನ ಜಾಲರಿಯಿಂದ ಬೆಕ್ಕು ಉಸಿರಾಡಿದಷ್ಟು ಗಾಳಿ.

ಶಿವರಾತ್ರಿ ಕಳೆದಿತ್ತು. ತಿಂಗಳಲ್ಲಿ ಒಂದೆರಡು ಭಾನುವಾರ ಅವರು ಸೋಸಲೆಗೆ ಹೋಗುತ್ತಾರೆ. ರಾಘವೇಂದ್ರನ ತಾಯಿ ಭಾಗೀರಥಮ್ಮ ಅಲ್ಲಿ ಮಠದ ಬೀದಿಯಲ್ಲಿ ಕಿರಿಯ ಮಗನ ಮನೆಯಲ್ಲಿದ್ದಾರೆ. ಆ ಸಲ ಹೋಗುವಾಗ ಬಿಳಿಗೆರೆ ದಾಟುವಷ್ಟರಲ್ಲಿ ರಾಘವೇಂದ್ರನ ಕೈಯಿಂದ ನೀರಿನ ಬಾಟ್ಲಿ ಜಾರಿ ಬಿತ್ತು.

"ಹಿಂದೆ ಹೋಗಿ ಮಲ್ಕೊಳ್ರೀ," ಅಂದಳು ಸುಚೇತಾ. "ಜನರೇಟರ್ ಹಾಕ್ತೀನಿ. ತಣ್ಣಗಿರತ್ತೆ."

"ನನ್ನ ಹಿಂದೆ ಮಲಗಿಸ್ಕೊಂಡು ನೀನು ಮುಂದೆ ಓಡಿಸ್ಕೊಂಡ್ ಹೋದ್ರೆ ಅದಕ್ಕೆ ಆಂಬುಲೆನ್ಸ್ ಅಂತಾರೆ. ಇನ್ನೊಂದು ಗಾಡೀನೂ ಇದೆ, ಅದರ ಹೆಸರು ಬೇಡ."

ತಮಾಷೆಗೇ ಹೇಳಿದ. ಅವಳು ನಗಲಿಲ್ಲ.

"ಮುಂದಿನ ಸೀಟಲ್ಲಿ ಕೂತ್ಕೊಳ್ಳೋಕ್ಕೆ ಆಗ್ದೇ ಇರೋ ದಿನ ಈ ಗಾಡಿ ಯಾರಿಗಾದ್ರೂ ಕೊಟ್ಬಿಡು ಸುಚೇತಾ. ನಾನು ಎಲ್ಲಿಗೂ ಬರಲ್ಲ. ಮನೇಲಿ ಫ್ಯಾನ್ ಕೆಳಗೆ ಬಿದ್ಕೊಂಡಿರ್ತೀನಿ."

ಅವನು ಅಂದಂತೆ ಮಾಡುವ ಜಾತಿಯವನು. ಸುಚೇತಾಳಿಗೆ ಭಯ ಆಯಿತು. ಕಾಯಿಲೆಯ ಭಯಕ್ಕೆ ಅವಳು ಒಗ್ಗಿಹೋಗಿದ್ದಾಳೆ. ಇದು ಪಕ್ಕದ ಸೀಟು ಖಾಲಿಯಾಗುವ ಭಯ. ಓದುಗರೇ, ಕತೆಯಲ್ಲಿ ಪಣಕ್ಕಿರುವುದು ಇಷ್ಟೇ, ಒಂದು ಸೀಟು. ದೊಡ್ಡದೇನಾದರೂ ಬೇಕಿದ್ದರೆ ಬೇರೆ ಕಡೆ ನೋಡಿಕೊಳ್ಳಿ.

೫

ಈಗ ಮದನ್. ನರಸೀಪುರದ ಬಸ್‌ಸ್ಟ್ಯಾಂಡಿನ ಆಚೆ, ಹೊಂಗೆ ಮರದ ಕೆಳಗೆ ಅವನ ಕಾರ್ ಏಸಿ ಅಂಗಡಿ. ಸುಚೇತಾ ಶಾಲೆ ಮುಗಿಸಿ ಹೋಗಿ ವಿಷಯ ಹೇಳಿದಳು.

"ಗ್ಯಾಸ್ ಕಮ್ಮಿ ಆಗದೆ ಮೇಡಂ," ಅಂದ, ಗಾಡಿ ನೋಡುವ ಮುಂಚೆಯೇ.

ಗಾಡಿ ತಂದಾಗ ಗ್ಯಾಸ್ ತುಂಬಿದ. ಏನೂ ಆಗಲಿಲ್ಲ. ಇನ್ನೊಂದು ಸಲ ತಂದಾಗ ಬಾನೆಟ್ಟಿನೊಳಗೆ ತಲೆ ಹಾಕಿ, "ಕಂಪ್ರೆಸರ್ ಚೆನ್ನಾಗೇ ಓಡ್ತಾ ಅದೆ, ಪೈಪ್ ಮುಟ್ಟುದ್ರೆ ಐಸು. ಗ್ಯಾಸೂ ಸರಿಯಾಗೇ ಅದೆ. ಇನ್ನೇನ್ ದೊಡ್ರೋಗ ಇದುಕ್ಕೆ?" ಎಂದು ತಲೆ ಕೆರೆದುಕೊಂಡ. ಆಮೇಲೆ ಮುಂದಿನ ಗ್ರಿಲ್ಲಿನೊಳಗೆ ಪೈಪು ಬಿಟ್ಟು ನೀರು ಹೊಡೆದ. ಆಯುಧಪೂಜೆಗೆ ಕಟ್ಟಿದ ಚೆಂಡುಹೂವು, ಕುಂಕುಮ, ಬೂದುಗುಂಬಳದ ಒಂದು ಬೀಜ, ಎಲ್ಲ ಒಣಗಿ ಹಪ್ಪಳವಾಗಿ ಹೊರಗೆ ಬಂದವು.

"ಸಿಕ್ದನಲ್ಲ ಕಳ್ಳ!" ಅಂದ ಮದನ್.

ನಾನೂ ಹಾಗೇ ಅಂದುಕೊಂಡು ಕತೆಯನ್ನು ಅಲ್ಲಿಗೆ ಮುಗಿಸಿದ್ದೆ. ಭಕ್ತಿ ಹೆಚ್ಚಾಗಿ ಗಾಡಿಯ ಉಸಿರುಕಟ್ಟಿತು ಅಂತ ಒಂದು ಕೊನೇ ಸಾಲೂ ಬರೆದಿದ್ದೆ. ತಣ್ಣಗಾಗಲಿಲ್ಲ. ಗಾಡಿಯೂ ಆಗಲಿಲ್ಲ, ಕತೆಯೂ ಆಗಲಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಇದೆ. ಗಾಳಿ ಮುಖಕ್ಕೋ, ಕಾಲಿಗೋ, ಮುಂದಿನ ಗಾಜಿಗೋ ಅಂತ ತಿರುಗಿಸುವುದು. ಅದು ಅರ್ಧ ತಿರುಗಿ ಬಿಗಿಯಾಗಿ, ಕೈಬಿಟ್ಟರೆ ವಾಪಸ್ಸು ಬರುತ್ತಿತ್ತು. ಸುಚೇತಾ ತೋರಿಸಿದಳು.

"ಅದ್ನ ಮುಟ್ಬ್ಯಾಡಿ ಮೇಡಂ. ಕೇಬಲ್ ಕಿತ್ತೋದ್ರೆ ಅಳೇ ಗಾಡಿಗೆ ಪಾರ್ಟ್ ಎಲ್ಲಿ ತರಾದು?"

ಅವಳು ಮುಟ್ಟಲಿಲ್ಲ.

(ಮದನ್ ಇದನ್ನು ಓದಿ ಬೇಜಾರು ಮಾಡಿಕೊಂಡ. "ನನ್ನ ಗುಗ್ಗು ಮಾಡ್ಬುಟ್ರಲ್ಲ ಸಾ. ಎಲ್ಲಾರೂ ಬರೋದು ಗ್ಯಾಸ್‌ಗೇಯ. ನೀವೂ ಎಲ್ಲಾ ಕತೆಲೂ ಒಂದು ಮಳೆ ಬರುಸ್ತೀರಂತಲ್ಲ, ಅಂಗೇ ಇದೂ." ಏಟು ಸರಿಯಾಗಿಯೇ ಬಿತ್ತು. ಈ ಕತೆಯಲ್ಲಿ ಮಳೆ ಇಲ್ಲ ಎಂದು ಅಲ್ಲೇ ನಿರ್ಧಾರ ಮಾಡಿದೆ.)

೬

ಮುಂದಿನ ಭಾನುವಾರ. ಬಿಸಿಲೇರುವ ಮುಂಚೆ ಸೋಸಲೆ ಸೇರಿಬಿಡೋಣ ಎಂದು ಬೇಗ ಹೊರಟರು. ರಾಘವೇಂದ್ರ ಮುಂದಿನ ಸೀಟಿನಲ್ಲೇ ಕೂತಿದ್ದ, ಕುತ್ತಿಗೆಗೆ ಒದ್ದೆ ಟವೆಲು ಸುತ್ತಿಕೊಂಡು. ಇವತ್ತೂ ಆಗದಿದ್ದರೆ ಇದೇ ಕೊನೆ ಅಂತ ಮನೆಯಲ್ಲೇ ಹೇಳಿಯಾಗಿತ್ತು.

ಬಿಳಿಗೆರೆ ಹತ್ತಿರ ಬರುವಾಗ ಮುಂದಿನ ಗಾಜು ಮಸುಕಾಯಿತು. ಸುಚೇತಾ ವೈಪರ್ ಹಾಕಿದಳು. ಮತ್ತೆ ಮಸುಕು. ಮತ್ತೆ ವೈಪರ್.

"ಮಂಜು," ಎಂದ ರಾಘವೇಂದ್ರ.

"ಹ್ಞೂಂ, ನಮ್ಮ ಕಪಿಲೇದು. ಯಾವಾಗ್ಲೂ ಇರತ್ತಲ್ಲ."

ಒಂದಷ್ಟು ದೂರ ಹೋದರು. ಕಬ್ಬಿನ ಗದ್ದೆಯ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಎದುರಿನಿಂದ ಬಂದ ಹಾಲಿನ ವ್ಯಾನು ಸ್ಪಷ್ಟವಾಗಿ ಕಾಣಿಸಿತು, ಅದರ ಡ್ರೈವರನ ಮೀಸೆ ಕೂಡ.

"ಸುಚೇತಾ, ಮಂಜೆಲ್ಲೇ ಇದೆ? ಸೂರ್ಯ ಅಷ್ಟು ಮೇಲ್ ಬಂದಿದ್ದಾನೆ."

ಅವಳು ಗಾಡಿ ಬದಿಗೆ ಹಾಕಿದಳು. ಗಾಜಿನ ಕೆಳಗಿನ ಅಂಚಿನಲ್ಲಿ ಮಾತ್ರ ಮಸುಕು, ಅದೂ ಹೊರಗಡೆಯಿಂದ. ಒಳಗಿಂದ ಅಂಗೈ ಇಟ್ಟು ನೋಡಿದಳು. ಗಾಜು ಕೊರೆಯುತ್ತಿತ್ತು.

ವರ್ಷವರ್ಷವೂ ಎಂಟನೇ ಕ್ಲಾಸಿನ ಮೇಜಿನ ಮೇಲೆ ಐಸು ಹಾಕಿದ ಲೋಟ ಇಟ್ಟು, ಅದರ ಹೊರಮೈ ಬೆವರುವುದನ್ನು ತೋರಿಸಿ, "ಲೋಟ ಸೋರ್ತಿದೆಯೇನ್ರೋ?" ಎಂದು ಮಕ್ಕಳನ್ನು ಕೇಳುವವಳು ಇವಳು. ಸಾಂದ್ರೀಕರಣ. ಇಷ್ಟು ದಿನ ವೈಪರ್ ಹಾಕಿಕೊಂಡು ಕಪಿಲೆಯನ್ನು ದೂರುತ್ತಾ ಓಡಾಡಿದ್ದಾಳೆ.

"ರೀ, ತಂಪು ಬರ್ತಾನೇ ಇದೆ ಕಣ್ರೀ! ಎಲ್ಲಾ ಗಾಜಿಗೆ ಹೋಗ್ತಿದೆ, ನಮಗ್ ಬರ್ತಿಲ್ಲ!"

ಇಬ್ಬರೂ ಜೋರಾಗಿ ನಕ್ಕರು. ಸೋಸಲೆ ಕಡೆ ಹೋಗುತ್ತಿದ್ದ ಬಸ್ಸಿನ ಕಿಟಕಿಯ ಜನ ಇಣುಕಿ ನೋಡಿದರು. ಅವಳು ರಾಘವೇಂದ್ರನ ಬಲಗೈಯನ್ನು ಹಿಡಿದು ಎತ್ತಿ ಗಾಜಿಗೆ ಒತ್ತಿ ಹಿಡಿದಳು, ಸ್ವಲ್ಪ ಹೊತ್ತು.

೬ (ಇನ್ನೊಮ್ಮೆ)

ಮೇಲಿನ ಭಾಗಕ್ಕೆ ಬೇರೊಂದು ರೂಪ ಬರೆದಿದ್ದೆ. ಅದರಲ್ಲಿ ಸುಚೇತಾ ಗಾಜಿನ ಮಸುಕಿನ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದಳು. ಮಸುಕು ಗಾಜಿನ ಹೊರಗಿದೆ, ಅವಳು ಒಳಗಿದ್ದಾಳೆ, ಹೇಗೆ ಬರೆಯುತ್ತಾಳೆ ಎಂದು ಆಮೇಲೆ ಹೊಳೆಯಿತು. ಬಿಟ್ಟೆ.

೭

ಮದನ್ ಭಾನುವಾರ ಮಧ್ಯಾಹ್ನದವರೆಗೆ ಅಂಗಡಿ ತೆಗೆದಿರುತ್ತಾನೆ. ರಾಘವೇಂದ್ರನನ್ನು ಹೊಂಗೆಯ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಎದುರಿಗೆ ಅಂಗಡಿಯ ಟೇಬಲ್ ಫ್ಯಾನು ಇಟ್ಟ. ಸುಚೇತಾ ಗಾಜಿನ ವಿಷಯ ಹೇಳುತ್ತಿದ್ದಂತೆ ಹಣೆ ಹಣೆ ಚಚ್ಚಿಕೊಂಡ.

"ಒಳಗಡೆ ಒಂದು ಬಾಗ್ಲದೆ ಮೇಡಂ, ಗಾಳಿನ ಅತ್ಲಾಗೆ ಇತ್ಲಾಗೆ ತಿರುಗ್ಸಾದು. ಅದು ಗಾಜಿನ್ ಕಡೀಕೇ ಕಚ್ಕಂಡದೆ. ಇಲಿ ಗೂಡು ಕಟ್ಟಿರಬೈದು."

ಡ್ಯಾಶ್‌ಬೋರ್ಡಿನ ಮೇಲಿನ ಹಲಗೆ ಬಿಚ್ಚಿದ. ಗಾಜಿನ ಬುಡದಲ್ಲಿ ಗಾಳಿ ಬರಲು ಉದ್ದಕ್ಕೆ ಸೀಳು ಇದೆಯಲ್ಲ, ಅದರ ಕೆಳಗೆ ಟಾರ್ಚು ಬಿಟ್ಟ. ಸ್ಕ್ರೂಡ್ರೈವರಿನಿಂದ ಮೀಟಿದ. ಗಟ್ಟಿಯಾದ ಒಂದು ಕೆಂಪು ಹೆಂಟೆ ಮುರಿದು ಬಂತು. ಮತ್ತೊಂದು. ಆಮೇಲೆ ಬಿಡಿಬಿಡಿ ಕಾಳು.

"ಅಕ್ಕಿ! ಮೇಡಂ, ಇಲ್ಲಿ ಅಕ್ಕಿ ಮೂಟೇನೇ ಅದೆ! ತ್ಯಾವುಕ್ಕೆ ಊದ್ಕಂಡು ಬಾಗ್ಲು ಸಂದೀಲಿ ಸಿಮೆಂಟಾಗದೆ. ಎಸ್ದ್‌ಬುಡ್ಲಾ?"

"ಬೇಡ ಬೇಡ! ಎಸೀಬೇಡಿ ಮದನ್!" ಎಂದು ಸುಚೇತಾ ಎರಡೂ ಕೈ ಒಡ್ಡಿದಳು. ಅಕ್ಕಿಯ ಕೆಂಪು ನೋಡಿದ ಕೂಡಲೇ ಅವಳಿಗೆ ತಿಳಿದುಹೋಗಿತ್ತು. "ಅದು ಮಂತ್ರಾಕ್ಷತೆ."

ಮದನ್ ಸ್ಕ್ರೂಡ್ರೈವರ್ ಕೆಳಗಿಟ್ಟ. ಆಮೇಲೆ ಕಾಲಿನ ಚಪ್ಪಲಿ ಆಚೆ ಬಿಟ್ಟು, ಟೀ ತರಿಸಿದ್ದ ಸ್ಟೀಲ್ ತಟ್ಟೆಯನ್ನು ತೊಳೆದು ತಂದು, ಉಳಿದದ್ದನ್ನು ಒಂದೊಂದೇ ಕಾಳಾಗಿ ಅದರೊಳಗೆ ತೆಗೆದ.

(ಗೊತ್ತಿಲ್ಲದವರಿಗೆ: ಅಕ್ಕಿಗೆ ಅರಿಶಿನ, ಸುಣ್ಣ ಬೆರೆಸಿ ಕೆಂಪು ಮಾಡಿ, ಮಠದಲ್ಲಿ ಮಂತ್ರಿಸಿ ಕೊಡುವುದು ಮಂತ್ರಾಕ್ಷತೆ. ತಲೆಯ ಮೇಲೆ ಹಾಕಿಸಿಕೊಳ್ಳಬೇಕು. ಕಾಲಿಗೆ ಸಿಗಬಾರದು, ಕಸಕ್ಕೆ ಬೀಳಬಾರದು. ಡ್ಯಾಶ್‌ಬೋರ್ಡಿನೊಳಗೆ ಬೀಳಬಹುದೇ ಎಂದು ಯಾವ ಶಾಸ್ತ್ರದಲ್ಲೂ ಇರಲಿಕ್ಕಿಲ್ಲ.)

೮

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೇಗ ಬಂದುಬಿಡುತ್ತೇನೆ.

ಕಾಯಿಲೆ ಗೊತ್ತಾದ ವರ್ಷ ರಾಘವೇಂದ್ರ ಮಾಡದ ಸೇವೆಯಿಲ್ಲ. ಅಮ್ಮ ಹೇಳಿದ್ದನ್ನೆಲ್ಲ ಮಾಡಿದ. ಮುಂದಿನ ಸ್ಕ್ಯಾನು ಇನ್ನೂ ಕೆಟ್ಟದಾಗಿ ಬಂತು. ಅವತ್ತು ಸೋಸಲೆಯ ಮನೆಯಲ್ಲಿ, ಅಕ್ಷತೆ ಹಿಡಿದು ಬಂದ ತಾಯಿಯ ಕೈಯನ್ನು ತಡೆದು ಹೇಳಿದ: "ಅಮ್ಮ, ಇನ್ಮೇಲೆ ನನ್ನ ತಲೆ ಮೇಲೆ ಒಂದು ಕಾಳೂ ಹಾಕ್ಬೇಡ."

ಭಾಗೀರಥಮ್ಮ ವಾದ ಮಾಡಲಿಲ್ಲ, "ಆಯ್ತಪ್ಪ" ಅಂದು ಒಳಗೆ ಹೋದರು. ಆಮೇಲೆ ಆ ಮಾತೇ ಎತ್ತಲಿಲ್ಲ. ಹೊರಡುವಾಗ ಮಾತ್ರ ಪ್ರತಿ ಸಲವೂ ಮುಂದಿನ ಕಿಟಕಿಯ ಹತ್ತಿರ ಬಂದು, ಕೈ ಒಳಗೆ ಚಾಚಿ, ಡ್ಯಾಶ್‌ಬೋರ್ಡಿನ ಮೇಲೆ ಆಡಿಸುವರು. "ಎಷ್ಟು ಧೂಳೇ ಸುಚೇತಾ, ಒರೆಸಬಾರದಾ?" ಎನ್ನುವರು. ಸುಚೇತಾಳಿಗೆ ಒಳಗೊಳಗೇ ಉರಿಯುತ್ತಿತ್ತು. ಅವಳು ದಿನಾ ಒರೆಸುತ್ತಿದ್ದಳು.

ಒರೆಸಿದರೆ ಎಲ್ಲಿ ಸಿಗಬೇಕು? ಕಾಳುಗಳು ಆ ಸೀಳಿನೊಳಗೆ ಇಳಿದುಹೋಗುತ್ತಿದ್ದವು. ಮಗ ತಲೆಗೆ ಬೇಡ ಅಂದಿದ್ದ; ಅವನು ಕೂರುವ ಗಾಡಿಗೆ ಬೇಡ ಅಂದಿರಲಿಲ್ಲ.

೯

ನನ್ನ ಪ್ಲ್ಯಾನ್ ಪ್ರಕಾರ ಸುಚೇತಾ ಇದನ್ನು ಗಂಡನಿಂದ ಮುಚ್ಚಿಡಬೇಕಿತ್ತು. ಇಲಿ ಗೂಡು ಅಂದುಬಿಡುವುದು, ಕಣ್ಣಂಚಿನಲ್ಲಿ ನೀರು, ಹೊಂಗೆ ಎಲೆ ಉದುರುವುದು. ಬರೆದೂ ಬಿಟ್ಟಿದ್ದೆ.

"ನಾನ್ಯಾಕ್ರೀ ಮುಚ್ಚಿಡ್ಲಿ?" ಎಂದಳು ಸುಚೇತಾ. "ಕೈ ಬರಲ್ಲ, ಕಾಲು ಬರಲ್ಲ, ಅದನ್ನೆಲ್ಲ ಮುಚ್ಚಿಡ್ದೆ ಬದುಕ್ತಿರೋ ಮನುಷ್ಯ ಅವರು. ಅಕ್ಕಿ ಮುಚ್ಚಿಡ್ಲಾ? ಹಾಗೇನಾದ್ರೂ ಬರೆದ್ರೆ ಮುಂದಿನ ಸಾಲಿಂದ ನಾನಿರಲ್ಲ."

ಅವಳಿಲ್ಲದೆ ಗಾಡಿ ಓಡಿಸುವವರು ಯಾರು? ನನಗೆ ಸ್ಕೂಟರ್ ಬಿಟ್ಟು ಬೇರೇನೂ ಬರುವುದಿಲ್ಲ. ಅವಳು ಹೇಳಿದಂತೆಯೇ ಆಯಿತು.

ತಟ್ಟೆಯನ್ನು ತಂದು ಅವನ ತೊಡೆಯ ಮೇಲಿಟ್ಟಳು. ರಾಘವೇಂದ್ರ ಬಗ್ಗಿ ನೋಡಿದ.

"ಅಮ್ಮಂದಾ?"

"ಮತ್ಯಾರದ್ದು."

"ಇಷ್ಟಾ?"

ಅವನಿಗೆ ಸಿಟ್ಟು ಬಂತು, ಹೌದು. ತಾನು ಬೇಡ ಅಂದದ್ದನ್ನು ಬೆನ್ನ ಹಿಂದೆ ಮಾಡಿದರಲ್ಲ ಅಂತ. ಆ ಸಿಟ್ಟಿನ ಜೊತೆಗೇ ನಗುವೂ ಬಂತು, ತನ್ನ ಪಾಲಿನ ತಂಪನ್ನು ತಡೆದು ನಿಲ್ಲಿಸಿದ್ದು ಇದೇ ಅಲ್ಲವೇ ಅಂತ. ಅಮ್ಮ ಕಿಟಕಿಗೆ ಬಂದ ಒಂದೊಂದು ಸಲವೂ ಅಲ್ಲಿ ತಟ್ಟೆಯಲ್ಲಿ ಕೂತಿತ್ತು. ಒಂದು ಕಾಳು ಎತ್ತಿಕೊಳ್ಳಲು ನೋಡಿದ. ಬಿಸಿಗೆ ಬೆರಳು ಕೂಡಿ ಬರಲಿಲ್ಲ, ಕಾಳು ಜಾರಿತು.

ಮದನ್ ಒಂದು ಚೂರು ಸೊಳ್ಳೆ ಜಾಲರಿ ಹಿಡಿದು ಬಂದ. "ಸಾ, ಆ ಸೀಳಿನ ಮ್ಯಾಕೆ ಇದ್ನ ಕೂರುಸ್ಬುಡ್ತೀನಿ. ಗಾಳಿ ಓಯ್ತದೆ, ಅಕ್ಕಿ ಇಳಿಯಾಕಿಲ್ಲ. ಅಜ್ಜಿಗೆ ಏನೂ ಏಳಕ್ಕೋಗ್ಬ್ಯಾಡಿ. ಅವರ ಪಾಡಿಗೆ ಅವ್ರು ಆಕ್ಕೊಳ್ಳಿ, ನೀವು ಮನೇಗೋಗಿ ಎತ್ಕೊಳ್ಳಿ."

ಇಂಥ ಒಳ್ಳೆಯ ರಿಪೇರಿ ನನ್ನ ತಲೆಗೆ ಹೊಳೆದಿರಲಿಲ್ಲ. ಜಾಲರಿ ಕೂತಿತು. ಹೆಂಟೆಯಾಗಿದ್ದ ಅಕ್ಷತೆಯನ್ನು ಸುಚೇತಾ ಬಾಳೆಲೆಯ ತುಂಡಿನಲ್ಲಿ ಕಟ್ಟಿಕೊಂಡಳು, ಮನೆಯ ತುಳಸಿಯ ಬುಡಕ್ಕೆ ಹಾಕಲು. ಗುಂಡಿ ತಿರುಗಿಸಿದರೆ 'ಕಟಕ್' ಅಂದು ಮುಖದ ಚಿತ್ರದ ಮೇಲೆ ನಿಂತಿತು. ಗಾಳಿ ಬಂತು ನೋಡಿ, ರಾಘವೇಂದ್ರ ಕಣ್ಣು ಮುಚ್ಚಿಕೊಂಡ. ಕಾವೇರಿ ಸೇತುವೆ ದಾಟಿ ಸೋಸಲೆ ಮುಟ್ಟುವವರೆಗೂ ತೆಗೆಯಲಿಲ್ಲ.

೧೦

ಇನ್ನು ಕೊನೆ. ನನ್ನ ಹತ್ತಿರ ಮೂರ್ನಾಲ್ಕು ಇವೆ.

ಒಂದರಲ್ಲಿ ಭಾಗೀರಥಮ್ಮನಿಗೆ ಎಲ್ಲ ತಿಳಿದು, ಕಂಬ ಹಿಡಿದು ಅಳುತ್ತಾರೆ. "ನಾನು ಅಳೋದು ಯಾವತ್ತಪ್ಪ ನೋಡಿದೀಯ ನೀನು?" ಎಂದು ಭಾಗೀರಥಮ್ಮ ನನ್ನನ್ನೇ ಕೇಳಿದರು. ನೋಡಿಲ್ಲ. ತೆಗೆದೆ.

ಇನ್ನೊಂದರಲ್ಲಿ ರಾಘವೇಂದ್ರ ಬಾಗಿ ತಾಯಿಯ ಮುಂದೆ ತಲೆ ಒಡ್ಡುತ್ತಾನೆ. ಅದು ನನಗೆ ತುಂಬಾ ಇಷ್ಟವಾಗಿತ್ತು. ಅವನೇ ಒಪ್ಪಲಿಲ್ಲ. "ಕಾಯಿಲೆಯವರು ಅಂದ್ರೆ ಕೊನೇ ಪುಟದಲ್ಲಿ ತಲೆ ಬಗ್ಗಿಸ್ಲೇಬೇಕೇನ್ರೀ? ನಾನು ಅವತ್ತು ಹೇಳಿದ್ದು ಸುಳ್ಳಲ್ಲ. ಇವತ್ತೂ ಅದೇ ಹೇಳ್ತೀನಿ." ಅದೂ ಹೋಯಿತು.

ಮತ್ತೊಂದರಲ್ಲಿ ಯಾರೂ ಏನೂ ಹೇಳುವುದಿಲ್ಲ, ಜಾಲರಿ ತನ್ನ ಕೆಲಸ ಮಾಡುತ್ತದೆ, ಎಲ್ಲರೂ ಸುಖವಾಗಿರುತ್ತಾರೆ. ಇದು ಮದನ್‌ನದು. ಇದೇ ಆಗಬಹುದಿತ್ತು. ಯಾರಿಗೂ ನಷ್ಟವಿರಲಿಲ್ಲ.

ಇವು ಯಾವುವೂ ಆಗಲಿಲ್ಲ. ಆದದ್ದನ್ನು ಸುಚೇತಾ ನೋಡಿದಷ್ಟು ಹೇಳುತ್ತೇನೆ.

ಊಟ ಮುಗಿಸಿ ಹೊರಟರು. ಸುಡುಸುಡು ಬಿಸಿಲು. ಎಂಜಿನ್ ಶುರುವಾಗಿತ್ತು, ರಾಘವೇಂದ್ರ ಮುಂದಿನ ಸೀಟಿನಲ್ಲಿದ್ದ. ಭಾಗೀರಥಮ್ಮ ಮಡಿಸೀರೆಯ ಸೆರಗಿನೊಳಗೆ ಒಂದು ಕೈ ಮುಚ್ಚಿಕೊಂಡು ಕಿಟಕಿಗೆ ಬಂದರು.

"ಇದೇನೋ ರಾಘು, ಒಳಗೆ ಇಷ್ಟು ತಣ್ಣಗಿದೆ!"

"ರಿಪೇರಿ ಆಯ್ತಮ್ಮ."

"ಒಳ್ಳೇದಾಯ್ತು ಬಿಡು. ಏನಾಗಿತ್ತಂತೆ?"

ಸುಚೇತಾ ಸ್ಟೀರಿಂಗ್ ಬಿಗಿಯಾಗಿ ಹಿಡಿದಳು.

"ಏನೋ ಸಿಕ್ಕಾಕ್ಕೊಂಡಿತ್ತು," ಅಂದ ರಾಘವೇಂದ್ರ.

"ಎಷ್ಟು ಧೂಳೇ ಸುಚೇತಾ," ಎನ್ನುತ್ತಾ ಭಾಗೀರಥಮ್ಮನ ಕೈ ಡ್ಯಾಶ್‌ಬೋರ್ಡಿನ ಮೇಲೆ ಬಂತು.

"ಅಮ್ಮ, ಅಲ್ಲಿ ಬೇಡ."

ಕೈ ನಿಂತಿತು. ಜಾಲರಿ ಕೂರಿಸಿಯಾಗಿತ್ತು, ಅವನು ಸುಮ್ಮನಿದ್ದರೂ ನಡೆಯುತ್ತಿತ್ತು. ಅದು ಅವನಿಗೂ ಗೊತ್ತು. ಬಲಗೈಯನ್ನು ಎತ್ತಿ, ತಂಪು ಬೀಳುತ್ತಿದ್ದ ಜಾಗದಲ್ಲೇ ಅಂಗೈ ಬಿಚ್ಚಿ ಹಿಡಿದ.

"ಇಲ್ಲಿ ಹಾಕು."

ಆ ಮುದುಕಿ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಕಳ್ಳತನ ಸಿಕ್ಕಿಬಿದ್ದ ನಾಚಿಕೆ ಅವರ ಮುಖದಲ್ಲಿ ಒಂದಿಷ್ಟು ಕಂಡಿತು. ಆಮೇಲೆ ಸೆರಗಿನಿಂದ ಅಕ್ಷತೆ ತೆಗೆದು ಅವನ ಅಂಗೈಗೆ ಸುರಿದರು. ಬೆರಳುಗಳು ಕಿರುಬೆರಳಿನಿಂದ ಶುರುವಾಗಿ ನಿಧಾನಕ್ಕೆ ಮುಚ್ಚಿದವು. ಒಂದು ಕಾಳೂ ಕೆಳಗೆ ಬೀಳಲಿಲ್ಲ.

"ಹೋಗಿ ಬನ್ನಿ," ಅಂದರು ಭಾಗೀರಥಮ್ಮ.

ಆಮೇಲೆ ಅವನು ಅದನ್ನು ಏನು ಮಾಡಿದ ಅಂತ ಕೇಳುತ್ತೀರಿ. ತಲೆಗೆ ಹಾಕಿಕೊಂಡನೋ, ತುಳಸಿಗೆ ಹಾಕಿದನೋ, ಜೇಬಿನಲ್ಲಿಟ್ಟು ಮರೆತನೋ? ನಾನೂ ಕೇಳಿದೆ. "ಅದು ನಿಮ್ಮ ಕತೆಗೆ ಸೇರಿದ್ದಲ್ಲ," ಅಂದುಬಿಟ್ಟ. ಸುಚೇತಾಳನ್ನು ಕೇಳಿದರೆ, "ನಾನು ರೋಡ್ ನೋಡ್ತಿದ್ದೆ ಕಣ್ರೀ," ಅನ್ನುತ್ತಾಳೆ. ಬಿಳಿಗೆರೆ ಹತ್ತಿರ ಒಂದು ಸಲ ಮಾತ್ರ ಪಕ್ಕಕ್ಕೆ ನೋಡಿದಳಂತೆ. ನೆತ್ತಿ ಸುಡುವ ಬಿಸಿಲಿನಲ್ಲಿ ಮುಂದಿನ ಗಾಜು ನಿಚ್ಚಳವಾಗಿತ್ತು, ಅವನು ಕೂತೇ ಇದ್ದ, ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು.